ಹಳದಿ ಹಲ್ಲು ಯಾರ ತಪ್ಪು?

ನರಗುಂದದ ಕಿರಾಣಿ ಅಂಗಡಿಯಲ್ಲಿ ‘ಒಂದು ಕೋಲ್ಗೇಟ್ ಕೊಡ್ರಿ’ ಎಂದು ಕೇಳಿ, ಅಂಗಡಿಯವರು ಕೊಟ್ಟ ಬೇರೆ ಕಂಪನಿಯ ಪೇಸ್ಟನ್ನು ತಕರಾರಿಲ್ಲದೆ ಒಯ್ಯುವವರಿದ್ದಾರೆ. ಕಂಪನಿಯ ಹೆಸರು ವಸ್ತುವಿನ ಹೆಸರೇ ಆಗಿಬಿಡುವುದು ಜಾಹೀರಾತಿನ ದೊಡ್ಡ ಗೆಲುವು. ಆದರೆ ಅದಕ್ಕಿಂತ ಆಳವಾದ ಗೆಲುವೊಂದಿದೆ. ಹಲ್ಲಿನ ಬಣ್ಣ ನೋಡಿ ಮನುಷ್ಯನ ಶಿಸ್ತನ್ನು ಅಳೆಯುವ ಅಭ್ಯಾಸ ನಮಗೆ ಬಂದದ್ದು ಬಹುಪಾಲು ಈ ಜಾಹೀರಾತುಗಳಿಂದಲೇ.

ನಮ್ಮ ಕಡೆ ಹಲ್ಲು ತಿಕ್ಕಲು ಬೇವಿನ ಕಡ್ಡಿ, ಜಾಲಿ ಕಡ್ಡಿ, ಇದ್ದಿಲು, ಉಪ್ಪು, ಕುಳ್ಳಿನ ಬೂದಿ ಇದ್ದವು. ಹೆಚ್ಚಿನವಕ್ಕೆ ದುಡ್ಡು ಕೊಡಬೇಕಿರಲಿಲ್ಲ, ಹಾಗಾಗಿ ಜಾಹೀರಾತೂ ಬೇಕಿರಲಿಲ್ಲ. ಪುಕ್ಕಟೆ ಸಿಗುವುದನ್ನು ಬಿಡಿಸಿ ಪೊಟ್ಟಣ ಕೊಳ್ಳುವಂತೆ ಮಾಡಲು ಮಾತು ಬೇಕಾಯಿತು. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಗುಲಾಬಿ ಬಣ್ಣದ ಹಲ್ಲುಪುಡಿ ಆಯುರ್ವೇದದ ಹೆಸರಿನಲ್ಲಿ ಮನೆಮಾತಾಯಿತು. ಕೋಲ್ಗೇಟ್ ಭಾರತದಲ್ಲಿ ಕಂಪನಿಯಾಗಿ ನೋಂದಣಿಯಾದದ್ದು 1937ರಲ್ಲಿ.

ಅಷ್ಟರೊಳಗೆ ಅಮೆರಿಕದಲ್ಲಿ ಪೇಸ್ಟ್ ಮಾರುವ ಸೂತ್ರ ಸಿದ್ಧವಾಗಿತ್ತು. ಪೆಪ್ಸೊಡೆಂಟ್‌ಗೆ ಜಾಹೀರಾತು ಬರೆದ ಕ್ಲಾಡ್ ಹಾಪ್ಕಿನ್ಸ್, ನಾಲಿಗೆಯನ್ನು ಹಲ್ಲಿನ ಮೇಲೆ ಆಡಿಸಿ ನೋಡಿ, ಅಲ್ಲೊಂದು ಪೊರೆ ಇದೆ ಎಂದು ಓದುಗರಿಗೆ ಹೇಳಿದರು. ಆ ಪೊರೆ ಎಲ್ಲರ ಹಲ್ಲಿನ ಮೇಲೂ ಇರುತ್ತದೆ. ರೋಗದ ಭಯಕ್ಕಿಂತ ಚೆಲುವಿನ ಆಸೆ ಹೆಚ್ಚು ಮಾರಾಟ ತರುತ್ತದೆ ಎಂಬುದನ್ನು ಅವರು 1927ರ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮೊದಲು ಕೊರತೆಯೊಂದನ್ನು ತೋರಿಸು, ಆಮೇಲೆ ಮದ್ದು ಮಾರು. ಸೂತ್ರ ಇಷ್ಟೇ.

ಈ ಸೂತ್ರ ನಮ್ಮಲ್ಲಿಗೆ ಹಾಡಿನ ಬೆನ್ನೇರಿ ಬಂತು. 1952ರಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳಿಂದ ದೂರ ಸರಿದಾಗ ಕೇಳುಗರು ರೇಡಿಯೊ ಸಿಲೋನ್ ಕಡೆ ತಿರುಗಿದರು. ಅದೇ ವರ್ಷ ಅಲ್ಲಿ ಅಮೀನ್ ಸಯಾನಿ ಶುರುಮಾಡಿದ ‘ಬಿನಾಕಾ ಗೀತಮಾಲಾ’ದ ಪ್ರಾಯೋಜಕ ಒಂದು ಟೂತ್‌ಪೇಸ್ಟ್. ಮುಂದೆ ಚಿತ್ರಮಂದಿರದ ಪರದೆ ಬಂತು, ಟೀವಿ ಬಂತು. ಮೈಗೆ ಹಾಲು ಬಾದಾಮಿ, ಹಲ್ಲಿಗೆ ಮಾತ್ರ ಇದ್ದಿಲೇ ಎಂದು ಪೈಲ್ವಾನನನ್ನು ಕೆಣಕುವ ಜಾಹೀರಾತು ಬಂತು. ಹಳ್ಳಿಗಳಿಗೆ ವಿಡಿಯೊ ವ್ಯಾನುಗಳು ಬಂದು ಸಣ್ಣ ಸ್ಯಾಂಪಲ್ ಟ್ಯೂಬು ಹಂಚಿದವು. ಹೀಗೆ ಹಿತ್ತಲಿನ ಇದ್ದಿಲು ಮತ್ತು ಉಪ್ಪು ಹಳೆಯ ಕಾಲದವರ ಲಕ್ಷಣವಾದವು. ಕೆಲವು ದಶಕಗಳ ನಂತರ ಅದೇ ಪರದೆ, ನಿಮ್ಮ ಪೇಸ್ಟಿನಲ್ಲಿ ಉಪ್ಪಿದೆಯೇ ಎಂದು ಕೇಳತೊಡಗಿತು. ಈಗ ಇದ್ದಿಲಿನ ಪೇಸ್ಟೂ ಸಿಗುತ್ತದೆ.

ಇದನ್ನು ನಕ್ಕು ಬಿಡಬಹುದಿತ್ತು. ಗದಗ ಜಿಲ್ಲೆಯಲ್ಲಿ ಹಾಗೆ ಬಿಡಲಾಗದು. ನರಗುಂದದ ನೆರೆಯ ರೋಣ, ಆಚೆಯ ಮುಂಡರಗಿ ತಾಲ್ಲೂಕುಗಳ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಮಗು ಇಂಥ ನೀರು ಕುಡಿದರೆ, ಹಲ್ಲು ಹುಟ್ಟುವಾಗಲೇ ಸುಣ್ಣದಂಥ ಬಿಳಿ ಗೆರೆ, ಹಳದಿ ಅಥವಾ ಕಂದು ಕಲೆ ಹೊತ್ತು ಬರುತ್ತದೆ. ಕಲೆ ಹಲ್ಲಿನ ಕವಚದೊಳಗೇ ಇರುವುದರಿಂದ ಎಷ್ಟು ತಿಕ್ಕಿದರೂ ಹೋಗದು. ಭಾರತದಲ್ಲಿ ಫ್ಲೋರೋಸಿಸ್ ಮೊದಲು ವೈದ್ಯಕೀಯ ವರದಿಯಾದದ್ದು ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಿಂದ, 1937ರಲ್ಲಿ. ಕೋಲ್ಗೇಟ್ ಇಲ್ಲಿ ನೋಂದಣಿಯಾದ ವರ್ಷವೇ ಅದು. ಒಂದು ಸುದ್ದಿ ಮನೆಮನೆ ತಲುಪಿತು, ಇನ್ನೊಂದು ವೈದ್ಯರ ಪತ್ರಿಕೆಯಲ್ಲಿ ಉಳಿಯಿತು.

ಗದಗ ಪ್ರತ್ಯೇಕ ಜಿಲ್ಲೆಯಾದ 1997ರಲ್ಲಿಯೇ, ತನ್ನ ಪೇಸ್ಟ್ ಕೀಟಾಣುಗಳ ವಿರುದ್ಧ ಶೇ. 102ರಷ್ಟು ಉತ್ತಮ ಎಂದ ಪೆಪ್ಸೊಡೆಂಟ್ ಜಾಹೀರಾತಿನ ಮೇಲೆ ಕೋಲ್ಗೇಟ್ ದೂರು ಕೊಟ್ಟಿತು. ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಒಂದು ಕಂಪನಿಯ ಮಾನಕ್ಕೆ ಇನ್ನೊಂದು ಕಂಪನಿ ಧಕ್ಕೆ ತಂದರೆ ಕೇಳಲು ಕಾನೂನಿದೆ. ಹಳದಿ ಹಲ್ಲಿನವರನ್ನು ನಗೆಪಾಟಲು ಮಾಡುವ ಚಿತ್ರಗಳ ಮೇಲೆ ರೋಣದ ಹುಡುಗಿಯೊಬ್ಬಳು ಎಲ್ಲಿ ದೂರು ಕೊಡಬೇಕು? ಅವಳು ದಿನಕ್ಕೆರಡು ಸಲ ಹಲ್ಲು ತಿಕ್ಕಿಯೂ ಫೋಟೊದಲ್ಲಿ ಬಾಯಿ ಮುಚ್ಚಿಯೇ ನಿಲ್ಲುತ್ತಾಳೆ.

ಇದರರ್ಥ ಪೇಸ್ಟೇ ಸುಳ್ಳು ಎಂದಲ್ಲ. ಹದವಾದ ಫ್ಲೋರೈಡ್ ಹುಳುಕನ್ನು ತಡೆಯುವುದು ನಿಜ. ಪೇಸ್ಟಿನಲ್ಲಿ ಅದು 1000 ಪಿಪಿಎಂ ಮೀರಬಾರದು, ಪ್ರಮಾಣವನ್ನು ಟ್ಯೂಬಿನ ಮೇಲೆ ನಮೂದಿಸಬೇಕು ಎಂಬ ನಿಯಮವೂ ನಮ್ಮಲ್ಲಿದೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು, ಅದನ್ನೂ ನುಂಗದಂತೆ ನೋಡಿಕೊಳ್ಳಬೇಕು ಎನ್ನುತ್ತಾರೆ ದಂತವೈದ್ಯರು. ಜಾಹೀರಾತಿನ ಬ್ರಶ್ಶಿನ ಮೇಲೆ ಮಾತ್ರ ಪೇಸ್ಟ್ ತುದಿಯಿಂದ ತುದಿಗೆ ಅಲೆಯಾಗಿ ಮಲಗಿರುತ್ತದೆ. ಅಳತೆ ನಿಯಮದಲ್ಲಿದೆ, ಧಾರಾಳ ಚಿತ್ರದಲ್ಲಿದೆ. ಮಕ್ಕಳು ನೋಡುವುದು ಚಿತ್ರವನ್ನು.

ನಮ್ಮ ಸೀಮೆಯಲ್ಲಿ ಹಲ್ಲಿನ ಕಲೆಗೆ ಮದ್ದು ಇರುವುದು ನೀರಿನಲ್ಲಿ. ಮಲಪ್ರಭೆಯ ಹೊಳೆನೀರು ಕುಡಿದು ಬೆಳೆದ ಮಗುವಿಗೂ ಕೊಳವೆಬಾವಿಯ ನೀರು ಕುಡಿದು ಬೆಳೆದ ಮಗುವಿಗೂ ಇರುವ ವ್ಯತ್ಯಾಸ ಬ್ರಶ್ಶಿನದಲ್ಲ. ಆ ನೀರನ್ನು ಊರು ಕೂಡಿ ಕೇಳಬೇಕು, ಸರ್ಕಾರ ಕೊಡಬೇಕು. ಇಪ್ಪತ್ತು ರೂಪಾಯಿಯ ಟ್ಯೂಬಿನಂತೆ ಅದು ಒಬ್ಬೊಬ್ಬರೇ ಕೊಳ್ಳುವ ವಸ್ತುವಲ್ಲ, ಹಾಗಾಗಿ ಅದಕ್ಕೆ ಜಾಹೀರಾತುದಾರರೂ ಇಲ್ಲ. ನೂರು ವರ್ಷ ಈ ಜಾಹೀರಾತುಗಳು ಹಲ್ಲಿನ ಕಲೆಯನ್ನು ಆಯಾ ಮನುಷ್ಯನ ಲೆಕ್ಕಕ್ಕೇ ಬರೆದಿವೆ. ರೋಣದ ಆ ಹುಡುಗಿಯ ಮಟ್ಟಿಗೆ ಅದು ತಪ್ಪು ಲೆಕ್ಕ.