ಸಾವಿರ ಪ್ರತಿಗಳ 'ಟೈಗರ್‌ಮಿಲ್ಕ್'

1996ರ ಜೂನ್ 6ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಬಿಡುಗಡೆಯಾದ 'ಟೈಗರ್‌ಮಿಲ್ಕ್' ಎಂಬ ಧ್ವನಿಮುದ್ರಿಕೆಯ ಪ್ರತಿಗಳು ಒಟ್ಟು ಒಂದು ಸಾವಿರ. ಜನ ಸಿ.ಡಿ.ಗೆ ಒಗ್ಗಿಹೋಗಿದ್ದ ಆ ಕಾಲದಲ್ಲಿ ಅದು ಬಂದದ್ದು ಕಪ್ಪು ತಟ್ಟೆಯ ಎಲ್.ಪಿ. ರೂಪದಲ್ಲಿ. ಹೊರತಂದವರು ಒಂದು ಕಾಲೇಜಿನ ವಿದ್ಯಾರ್ಥಿಗಳು. 'ಬೆಲ್ ಅಂಡ್ ಸೆಬಾಸ್ಟಿಯನ್' ತಂಡದ ಈ ಚೊಚ್ಚಲ ಕೃತಿ ಈಗ ಇಂಡೀ ಪಾಪ್ ಪ್ರಕಾರದ ಮುಖ್ಯ ಧ್ವನಿಮುದ್ರಿಕೆಗಳಲ್ಲಿ ಒಂದು.

ನಮ್ಮಲ್ಲಿ 1990ರ ದಶಕದಲ್ಲಿ ಅಲಿಶಾ ಚಿನಾಯ್ ಮೊದಲಾದವರಿಂದ ಮನೆಮಾತಾದ 'ಇಂಡಿಪಾಪ್'ಗೂ ಇದಕ್ಕೂ ಹೆಸರಿನ ಹೋಲಿಕೆಯಷ್ಟೇ. ಬ್ರಿಟನ್ನಿನ 'ಇಂಡೀ' ಎಂದರೆ 'ಇಂಡಿಪೆಂಡೆಂಟ್'. ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ಸಂಸ್ಥೆಗಳು ಹೊರತರುತ್ತಿದ್ದ ಸಂಗೀತ. ಆದರೆ 1996ರ ಹೊತ್ತಿಗೆ ಆ ಪದದ ಅರ್ಥ ಸಡಿಲಾಗಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ನೆಬ್‌ವರ್ತ್‌ನಲ್ಲಿ ಎರಡು ದಿನ ಸುಮಾರು ಎರಡೂವರೆ ಲಕ್ಷ ಜನರೆದುರು ಹಾಡಿದ 'ಒಯಾಸಿಸ್' ತಂಡವೂ ಇಂಡೀ ಎನಿಸಿಕೊಂಡಿತ್ತು. ಅದರ ಹಾಡುಗಳನ್ನು ತರುತ್ತಿದ್ದ ಕ್ರಿಯೇಷನ್ ಸಂಸ್ಥೆಯ ಶೇ. 49ರಷ್ಟು ಪಾಲನ್ನು ಸೋನಿ ಕಂಪನಿ 1992ರಲ್ಲೇ ಕೊಂಡಾಗಿತ್ತು!

'ಟೈಗರ್‌ಮಿಲ್ಕ್' ಹುಟ್ಟಿದ ಬಗೆ ಬೇರೆ. ಹಾಡು ಬರೆದ ಸ್ಟುವರ್ಟ್ ಮರ್ಡಾಕ್ ಯೌವನದ ಸುಮಾರು ಏಳು ವರ್ಷಗಳನ್ನು ದೀರ್ಘಕಾಲದ ಬಳಲಿಕೆಯ ಕಾಯಿಲೆಯಲ್ಲಿ ಕಳೆದವರು. ಎಂ.ಇ. ಎಂದೂ ಕರೆಯುವ ಈ ರೋಗ ಮನುಷ್ಯನನ್ನು ಸಾಮಾನ್ಯವಾಗಿ ಕೊಲ್ಲುವುದಿಲ್ಲ, ಕೂರಿಸಿಬಿಡುತ್ತದೆ. ಓದು, ಕೆಲಸ ಎಲ್ಲವೂ ಕೈಬಿಟ್ಟ ಆ ದಿನಗಳಲ್ಲಿ ಅವರು ಪಿಯಾನೋ ಮುಂದೆ ಕುಳಿತು ಹಾಡು ಕಟ್ಟಲು ಕಲಿತರು. ಚೇತರಿಸಿಕೊಂಡ ಮೇಲೆ ಚರ್ಚೊಂದರ ಸಭಾಭವನದ ಮೇಲಿನ ಮನೆಯಲ್ಲಿದ್ದುಕೊಂಡು, ಅದರ ಉಸ್ತುವಾರಿ ನೋಡುತ್ತ, ಬಹುಕಾಲ ಬದುಕಿದರು.

ನಿರುದ್ಯೋಗಿ ಸಂಗೀತಗಾರರಿಗೆಂದು ಸರಕಾರದ ಹಣದಲ್ಲಿ ಗ್ಲಾಸ್ಗೋದಲ್ಲಿ ನಡೆಯುತ್ತಿದ್ದ 'ಬೀಟ್‌ಬಾಕ್ಸ್' ಎಂಬ ತರಬೇತಿಯಲ್ಲಿ ಅವರಿಗೆ ಸಿಕ್ಕವರು ಸ್ಟುವರ್ಟ್ ಡೇವಿಡ್. (ತಂಡ ರೂಪುಗೊಂಡ ಆ ವರ್ಷದ ನೆನಪುಗಳನ್ನು ಡೇವಿಡ್ 2015ರಲ್ಲಿ ಪುಸ್ತಕವಾಗಿ ಬರೆದಿದ್ದಾರೆ.) ಇಬ್ಬರೂ ಸೇರಿ ಮಾಡಿದ ಪ್ರಾಯೋಗಿಕ ಮುದ್ರಣಗಳು ಸ್ಟೋ ಕಾಲೇಜಿಗೆ ತಲುಪಿದವು. 'ಅಸೋಸಿಯೇಟ್ಸ್' ತಂಡದಲ್ಲಿದ್ದ ಅಲನ್ ರ‍್ಯಾಂಕಿನ್ ಅಲ್ಲಿ ಸಂಗೀತ ವ್ಯವಹಾರದ ತರಗತಿ ನಡೆಸುತ್ತಿದ್ದರು. ವರ್ಷಕ್ಕೊಂದು ತಂಡವನ್ನು ಆರಿಸಿ, 'ಎಲೆಕ್ಟ್ರಿಕ್ ಹನಿ' ಎಂಬ ಕಾಲೇಜಿನದೇ ಸಂಸ್ಥೆಯಿಂದ ಅದರ ಒಂದು ಹಾಡನ್ನು ಹೊರತರುವುದು ವಿದ್ಯಾರ್ಥಿಗಳ ಪಾಠದ ಭಾಗ. ಮರ್ಡಾಕ್ ಬಳಿ ಇಡೀ ಧ್ವನಿಮುದ್ರಿಕೆಗಾಗುವಷ್ಟು ಹಾಡುಗಳಿದ್ದವು. ಕಾಲೇಜು ತನ್ನ ರೂಢಿ ಮುರಿಯಿತು. ಆ ವರ್ಷದ ಜನವರಿಯಲ್ಲಿ ಕೂಡಿದ್ದ ತಂಡ ಮಾರ್ಚ್‌ನಲ್ಲಿ ಕಾವಾ ಸ್ಟುಡಿಯೋಕ್ಕೆ ಹೋಗಿ ಮೂರು ದಿನದಲ್ಲಿ ಹತ್ತು ಹಾಡು ಮುದ್ರಿಸಿತು.

ಸರಕಾರಿ ತರಬೇತಿ, ಕಾಲೇಜಿನ ಪಠ್ಯಕ್ರಮ, ಚರ್ಚಿನ ಮನೆ. ಮಾರುಕಟ್ಟೆಯ ಹಂಗಿಲ್ಲದ ಈ ಸಂಗೀತ ಸಾರ್ವಜನಿಕರ ಹಂಗಿನಲ್ಲೇ ಬೆಳೆಯಿತು. 'ಸ್ವತಂತ್ರ' ಕಲೆಯ ಬಗ್ಗೆ ಬರೆಯುವವರು ಇದನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಹಾಡುಗಳಲ್ಲಿ ಅಬ್ಬರವಿಲ್ಲ. ಮೆಲುದನಿ, ಚೆಲ್ಲೋ, ತುತ್ತೂರಿ. ಶಾಲೆಯಲ್ಲಿ ಹೊಂದಿಕೊಳ್ಳಲಾಗದವರು, ದಾರಿ ತಪ್ಪಿದವರು, ದೇವರ ಬಗ್ಗೆ ಅರ್ಧ ಭಕ್ತಿ ಅರ್ಧ ಕುಚೋದ್ಯವುಳ್ಳವರು. ಕಾಯಿಲೆಯವನು ಕಿಟಕಿಯಿಂದ ನೋಡಿದ ಊರಿನಂತೆ ಅದು ಕಾಣುತ್ತದೆ: ದೂರದ್ದು, ಆದರೆ ಸ್ಪಷ್ಟ.

ಸಾವಿರ ತಟ್ಟೆಗಳು ಬೇಗನೆ ಖರ್ಚಾದವು. 'ಜೀಪ್‌ಸ್ಟರ್' ಎಂಬ ಸಣ್ಣ ಸಂಸ್ಥೆ ತಂಡದೊಡನೆ ಒಪ್ಪಂದ ಮಾಡಿಕೊಂಡು ಅದೇ ನವೆಂಬರ್‌ನಲ್ಲಿ ಎರಡನೆಯ ಧ್ವನಿಮುದ್ರಿಕೆ ತಂದಿತು. ಬಹುಪಾಲು ಕೇಳುಗರಿಗೆ ಅದೇ ಮೊದಲನೆಯದು. ನಿಜವಾದ ಮೊದಲನೆಯದು ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ನಕಲಾಗುತ್ತ, ಪ್ರತಿ ನಕಲಿಗೂ ಮಸುಕಾಗುತ್ತ ಕೈಯಿಂದ ಕೈಗೆ ಹೋಗುತ್ತಿತ್ತು. ಮೂಲ ಪ್ರತಿಗಳ ಬೆಲೆ ನೂರಾರು ಪೌಂಡಿಗೆ ಏರಿತು. 1999ರಲ್ಲಿ ತಂಡಕ್ಕೆ 'ಬ್ರಿಟ್' ಪ್ರಶಸ್ತಿ ಬಂದದ್ದು 'ಹೊಸಬರು' ಎಂಬ ವಿಭಾಗದಲ್ಲಿ. ಅಷ್ಟರಲ್ಲಿ ಅವರ ಮೂರು ಧ್ವನಿಮುದ್ರಿಕೆಗಳು ಬಂದಾಗಿದ್ದವು. 'ಟೈಗರ್‌ಮಿಲ್ಕ್' ಅಂಗಡಿಗಳಲ್ಲಿ ಎಲ್ಲರಿಗೂ ಸಿಗುವಂತಾದದ್ದು ಅದೇ ವರ್ಷದ ಮರುಮುದ್ರಣದಿಂದ.

ಎಲೆಕ್ಟ್ರಿಕ್ ಹನಿ ಮುಂದೆ 'ಸ್ನೋ ಪ್ಯಾಟ್ರೋಲ್', 'ಬಿಫಿ ಕ್ಲೈರೋ' ತಂಡಗಳ ಆರಂಭದ ಹಾಡುಗಳನ್ನೂ ತಂದಿತು. ಸ್ಟೋ ಕಾಲೇಜು 2013ರಲ್ಲಿ ಬೇರೆರಡು ಕಾಲೇಜುಗಳೊಡನೆ ಸೇರಿ ಗ್ಲಾಸ್ಗೋ ಕೆಲ್ವಿನ್ ಕಾಲೇಜಾಯಿತು. ರ‍್ಯಾಂಕಿನ್ 2023ರ ಜನವರಿಯಲ್ಲಿ ತೀರಿಕೊಂಡರು.