ಪಾರ್ಕಿಂಗ್ ಇದೆ, ಮನೆ ಇಲ್ಲ



ಶಿವಮೊಗ್ಗದಲ್ಲಿ ಬಾಡಿಗೆ ಮನೆ ಹುಡುಕೋರೆಲ್ಲ ಕೇಳೋದು ಮೂರೇ: ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಕಾರ್ ಪಾರ್ಕಿಂಗ್ ಇದ್ಯಾ? ನಮ್ಮವರು ಹೋದ್ರೆ ಓನರ್ ಕಡೆಯಿಂದ ನಾಲ್ಕನೇ ಪ್ರಶ್ನೆ ಬರುತ್ತೆ: "ನಿಮ್ದು ಯಾವ ಜನ?" ಅದಕ್ಕೇ ಹಿಂದಿನ ಗಾಜಿನ ಮೇಲೆ ಬಾಬಾಸಾಹೇಬರ ಸ್ಟಿಕ್ಕರ್ ಇರೋ ಕಾರನ್ನು ಎರಡು ಕ್ರಾಸ್ ಆಚೆ ನಿಲ್ಲಿಸಿ, ನಡೆದುಹೋಗಿ ಮನೆ ನೋಡೋ ಹುಡುಗರಿದ್ದಾರೆ. ಪಾರ್ಕಿಂಗ್ ಇರೋ ಮನೆ ಬೇಕು, ಆದ್ರೆ ಆ ಮನೆ ಮುಂದೆ ಕಾರು ನಿಲ್ಲಿಸೋ ಹಾಗಿಲ್ಲ.

ಇದಕ್ಕೆ ನೂರು ವರ್ಷ ಮೀರಿದ ಚರಿತ್ರೆ ಇದೆ. 1901ರಲ್ಲಿ ಮಸೂರು ರೈಲು ನಿಲ್ದಾಣದಲ್ಲಿ ಇಳಿದ ಹುಡುಗ ಭೀಮರಾವ್ ಮತ್ತು ಜೊತೆಯ ಮಕ್ಕಳನ್ನು, ಜಾತಿ ಗೊತ್ತಾದ ಮೇಲೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆದರು, ಗಾಡಿಯವನು ಪಕ್ಕದಲ್ಲಿ ನಡೆದ. 1917ರಲ್ಲಿ ಅದೇ ಹುಡುಗ ಕೊಲಂಬಿಯಾದಲ್ಲಿ ಓದಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಇರೋಕೆ ಮನೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ಛತ್ರದಲ್ಲಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ಖಾಲಿ ಮಾಡಿಸಿತು. ರೈಲಿನ ಹೊತ್ತಾಗೋವರೆಗೆ ಅವರು ಕುಳಿತಿದ್ದು ಸಾರ್ವಜನಿಕ ಉದ್ಯಾನದಲ್ಲಿ. ಅವತ್ತಿನ ಪಾರ್ಸಿ ಹೆಸರೇ ಇವತ್ತು ಎರಡು ಕ್ರಾಸ್ ಆಚೆ ನಿಂತ ಕಾರು.

ಈಗ ನಮ್ಮ ಭದ್ರಾವತಿಗೆ ಬನ್ನಿ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯ್ತು, 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯ್ತು. ನ್ಯೂಟೌನ್, ಪೇಪರ್ ಟೌನ್ ಬೆಳೆದವು. ಕ್ವಾರ್ಟರ್ಸ್ ಹಂಚುತ್ತಿದ್ದದ್ದು ಹುದ್ದೆ, ಗ್ರೇಡ್, ಸರ್ವಿಸ್ ನೋಡಿ. ಜಾತಿ ಹೋಗಿರಲಿಲ್ಲ, ಯಾರಿಗೆ ಯಾವ ಹುದ್ದೆ ಅನ್ನೋದರಲ್ಲೇ ಅದು ಕೂತಿತ್ತು. ಆದ್ರೂ ಬಾಗಿಲಲ್ಲಿ ನಿಂತು "ಯಾವ ಜನ" ಅಂತ ಕೇಳೋ ಓನರ್ ಅಲ್ಲಿರಲಿಲ್ಲ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಇದೇ ಊರಿನ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಸಂಬಳ, ಸಂಘ, ಸೂರು ಮೂರೂ ಇದ್ದ ಊರಲ್ಲಿ ಚಳವಳಿ ಬೇರು ಬಿಟ್ಟಿದ್ದು ಆಕಸ್ಮಿಕ ಅಂತ ನನಗನ್ನಿಸಲ್ಲ.

ಪೇಪರ್ ಮಿಲ್ ನಿಂತು ವರ್ಷಗಳೇ ಆದವು. 2023ರ ಜನವರಿಯಲ್ಲಿ ವಿಐಎಸ್ಎಲ್ ಮುಚ್ಚೋ ನಿರ್ಧಾರ ಬಂದಾಗ ಕಾರ್ಮಿಕರು ಬೀದಿಗಿಳಿದರು. ಕಾರ್ಖಾನೆ ಹೋದ್ರೆ ಕೆಲಸ ಹೋಗುತ್ತೆ ಅಂತ ಎಲ್ಲರೂ ಬರೆದರು. ಜಾತಿ ಕೇಳದ ಮನೆಯೂ ಹೋಗುತ್ತೆ ಅಂತ ಬರೆದವರು ಕಮ್ಮಿ. ಕ್ವಾರ್ಟರ್ಸ್‌ನಲ್ಲಿ ಬೆಳೆದ ಮಕ್ಕಳು ಇಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಬಂದು ಮೊದಲ ಸಲ ಎದುರಿಸೋದು ಅದೇ ನಾಲ್ಕನೇ ಪ್ರಶ್ನೆ. ಈಗ ಅದರ ವೇಷ ಬೇರೆ: "ವೆಜ್ ಮಾತ್ರ", "ಮನೇಲಿ ದೊಡ್ಡೋರು ಒಪ್ಪಲ್ಲ", "ಅಯ್ಯೋ, ನಿನ್ನೆನೇ ಕೊಟ್ಟಾಯ್ತು".

ಕಾನೂನು ಇಲ್ವಾ? ಇದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 4ರ ಪ್ರಕಾರ, ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನೇ ಆಗಲಿ ಯಾವುದೇ ಬಡಾವಣೆಯ ಮನೆಯಲ್ಲಿ ವಾಸ ಮಾಡದಂತೆ ತಡೆಯೋದು ಅಪರಾಧ. ಸೆಕ್ಷನ್ 12 ಇನ್ನೂ ಮುಖ್ಯ: ಪರಿಶಿಷ್ಟ ಜಾತಿಯವರ ಮೇಲೆ ಇಂಥ ಅಪರಾಧ ನಡೆದರೆ, ಅದಕ್ಕೆ ಅಸ್ಪೃಶ್ಯತೆಯೇ ಕಾರಣ ಅಂತ ಕೋರ್ಟ್ ಭಾವಿಸಬೇಕು. ಹಾಗಲ್ಲ ಅಂತ ಸಾಬೀತು ಮಾಡಬೇಕಾದವರು ಎದುರಿನವರು.

ಹಾಗಾಗಿ ಎರಡು ಕೆಲಸ ಮಾಡೋಣ. "ಕೊಟ್ಟಾಯ್ತು" ಅಂದ ಮನೆಯ ಟು-ಲೆಟ್ ಬೋರ್ಡ್ ಮರುವಾರವೂ ನೇತಾಡ್ತಿದ್ರೆ ದಿನಾಂಕ ಕಾಣೋ ಹಾಗೆ ಫೋಟೋ ತೆಗೀರಿ, ಮೆಸೇಜ್ ಅಳಿಸಬೇಡಿ, ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ ಬರೆದು ಕೊಡಿ. ಎರಡನೆಯದು, ಭದ್ರಾವತಿಯ ಕಾರ್ಖಾನೆ ಉಳಿಸಿ ಅನ್ನೋ ಹೋರಾಟದಲ್ಲಿ ಕ್ವಾರ್ಟರ್ಸ್ ಉಳಿಸಿ ಅನ್ನೋ ಬೇಡಿಕೆಯನ್ನೂ ಸೇರಿಸೋಣ.

ಸ್ಟಿಕ್ಕರ್ ಮಾತ್ರ ಕೀಳಬೇಡಿ. ಕಾರನ್ನು ಗೇಟಿನ ಮುಂದೆಯೇ ನಿಲ್ಲಿಸಿ.