ಗ್ರೀಕರ 'ಡೈಮೋನ್': ಒಂದು ಶಬ್ದದ ಇತಿಹಾಸ

ಪ್ರಾಚೀನ ಗ್ರೀಕರ ಧರ್ಮವನ್ನು ವಿವರಿಸುವಾಗ ಒಲಿಂಪಸ್ ಪರ್ವತದ ಹನ್ನೆರಡು ದೇವತೆಗಳ ಪರಿಚಯದಲ್ಲಿಯೇ ನಾವು ಸಾಮಾನ್ಯವಾಗಿ ತೃಪ್ತರಾಗುತ್ತೇವೆ. ಆದರೆ ಆ ಜನರ ದೈವಕಲ್ಪನೆಯು ಹೇಗೆ ಮಾರ್ಪಟ್ಟಿತೆಂಬುದನ್ನು ಅರಿಯಲು 'ಡೈಮೋನ್' ಎಂಬ ಶಬ್ದದ ಇತಿಹಾಸವು ಹೆಚ್ಚು ಸಹಾಯಕವಾದುದು.

ಹೋಮರನಲ್ಲಿ ಈ ಶಬ್ದಕ್ಕೆ ಖಚಿತವಾದ ಎಲ್ಲೆಯಿಲ್ಲ. 'ಇಲಿಯಡ್' ಕಾವ್ಯದಲ್ಲಿ ಅದು ಆಫ್ರೊಡೈಟೆಯಂತಹ ಮಹಾದೇವತೆಯನ್ನೂ ಸೂಚಿಸುತ್ತದೆ. 'ಒಡಿಸ್ಸಿ'ಯಲ್ಲಿ ಮನುಷ್ಯನನ್ನು ಕಾಡುವ, ಹೆಸರರಿಯದ ಶಕ್ತಿಗೂ ಅದೇ ಶಬ್ದ ಸಲ್ಲುತ್ತದೆ. ಕ್ರಿ. ಪೂ. 700ರ ಸುಮಾರಿನ ಹೆಸಿಯಡ್ ಕವಿಯ ಪ್ರಕಾರ, ಸುವರ್ಣಯುಗದ ಜನರು ಗತಿಸಿದ ಮೇಲೆ ಮರ್ತ್ಯರನ್ನು ಕಾಯುವ ಡೈಮೋನ್‌ಗಳಾದರು.

ಕ್ರಿ. ಪೂ. 399ರಲ್ಲಿ ಅಥೆನ್ಸಿನ ನ್ಯಾಯಸಭೆಯು ಸಾಕ್ರಟೀಸನಿಗೆ ಮರಣದಂಡನೆ ವಿಧಿಸಿತು. ಪಟ್ಟಣದ ದೇವತೆಗಳನ್ನು ಮನ್ನಿಸದೆ ಹೊಸ ದೈವಗಳನ್ನು ತಂದನೆಂಬುದು ಆರೋಪಗಳಲ್ಲೊಂದು. ತಪ್ಪು ಹೆಜ್ಜೆಯಿಡುವಾಗ ತನ್ನನ್ನು ತಡೆಯುವ ದೈವಸೂಚನೆಯೊಂದುಂಟೆಂದು ಅವನು ಹೇಳುತ್ತಿದ್ದನು. ಪಟ್ಟಣಕ್ಕೆಲ್ಲ ಸೇರಿದ್ದ ದೈವವು ಇಲ್ಲಿ ಒಬ್ಬನ ಅಂತರಂಗಕ್ಕೆ ಇಳಿದುದನ್ನು ನಾವು ಕಾಣುತ್ತೇವೆ.

ಪ್ಲೇಟೋ ತನ್ನ 'ಸಿಂಪೋಸಿಯಂ' ಸಂವಾದದಲ್ಲಿ ಡೈಮೋನನ್ನು ದೇವರಿಗೂ ಮನುಷ್ಯರಿಗೂ ನಡುವಣ ದೂತನೆಂದು ನಿರೂಪಿಸಿದನು. ದೇವರು ಕೇಡಿಗೆ ಕಾರಣನಲ್ಲವೆಂದೂ ಅವನು ಸಾಧಿಸಿದನು. ಹಾಗಾದರೆ ಪುರಾಣಗಳಲ್ಲಿನ ಕ್ರೌರ್ಯಕ್ಕೆ, ಕೆಲವು ಆಚರಣೆಗಳ ಘೋರತೆಗೆ ಯಾರು ಹೊಣೆ? ಅವನ ಶಿಷ್ಯನಾದ ಕ್ಸೆನೊಕ್ರೆಟೀಸನು ಕೇಡಿಗ ಡೈಮೋನ್‌ಗಳೂ ಉಂಟೆಂದನು. ಡೆಲ್ಫಿಯಲ್ಲಿ ಅರ್ಚಕನಾಗಿದ್ದ ಪ್ಲುಟಾರ್ಕನು ಈ ವಾದವನ್ನು ಬೆಳೆಸಿದನು. ದೇವರನ್ನು ನಿರ್ಮಲಗೊಳಿಸುವ ಪ್ರಯತ್ನದಲ್ಲಿ ಕಳಂಕವೆಲ್ಲವೂ ಡೈಮೋನ್‌ಗಳ ಪಾಲಾಯಿತು.

ಇತ್ತ, ಯೆಹೂದ್ಯರ ಧರ್ಮಗ್ರಂಥಗಳ ಗ್ರೀಕ್ ಅನುವಾದದಲ್ಲಿ ಅನ್ಯಜನರ ದೇವತೆಗಳಿಗೆ ಇದೇ ಮೂಲದ ಶಬ್ದ ಬಳಕೆಯಾಯಿತು. ಅನ್ಯರ ಬಲಿಗಳು ದೇವರಿಗಲ್ಲ, ಈ ಶಕ್ತಿಗಳಿಗೆ ಸಲ್ಲುತ್ತವೆಯೆಂದು ಸಂತ ಪೌಲನು ಬರೆದನು. ಚಕ್ರವರ್ತಿ ಥಿಯೊಡೋಸಿಯಸ್ ಕ್ರಿ. ಶ. 391-392ರಲ್ಲಿ ಹಳೆಯ ಪೂಜೆಗಳನ್ನು ನಿಷೇಧಿಸುವ ವೇಳೆಗೆ, ಕ್ರೈಸ್ತ ಲೇಖಕರ ದೃಷ್ಟಿಯಲ್ಲಿ ಒಲಿಂಪಸ್ಸಿನ ದೇವತೆಗಳೇ ದುಷ್ಟಶಕ್ತಿಗಳಾಗಿದ್ದರು. ಅವರ ವಾದಕ್ಕೆ ಬೇಕಾದ ಸಾಮಗ್ರಿಯನ್ನು ಗ್ರೀಕ್ ತತ್ತ್ವಜ್ಞರೇ ಬಹುಮಟ್ಟಿಗೆ ಸಿದ್ಧಪಡಿಸಿದ್ದರೆಂಬುದು ಗಮನಾರ್ಹ.

ಆದುದರಿಂದ ಡೈಮೋನ್ ಎಂಬುದನ್ನು ಕನ್ನಡದಲ್ಲಿ ಎಲ್ಲೆಡೆಯೂ 'ದೆವ್ವ' ಎಂದು ಅನುವಾದಿಸುವುದು ಯುಕ್ತವಲ್ಲ. ಹಾಗೆ ಮಾಡಿದರೆ, ಗೆದ್ದ ಮತವು ಸೋತ ಮತದ ದೇವತೆಗಳಿಗೆ ಕೊಟ್ಟ ಹೆಸರನ್ನು ಅದಕ್ಕೂ ಸಾವಿರ ವರ್ಷ ಹಿಂದಿನ ಹೋಮರನ ಬಾಯಲ್ಲಿ ನಾವು ಆಡಿಸಿದಂತಾಗುತ್ತದೆ. ಶಬ್ದವು ಒಂದೇ ಆಗಿದ್ದರೂ ಕಾಲವನ್ನರಿತು ಅರ್ಥ ಮಾಡುವುದು ಇತಿಹಾಸದ ವಿದ್ಯಾರ್ಥಿಯ ಮೊದಲ ಕರ್ತವ್ಯ.